ಡಿಪ್ಲೊಮಾದಿಂದ ಬಿ.ಇ.ಗೆ: ಒಂದೆರಡು ವರ್ಷ ಹೆಚ್ಚು ಹಿಡಿದವರಿಗೆ ಹಂತ ಹಂತದ ದಾರಿ

ನಮ್ಮ ಕಡೆ ಮದುವೆಗೆ ಹೋದರೆ ಎಲೆ ಮುಂದೆ ಕೂತಾಗಲೇ ಪ್ರಶ್ನೆ ಬರುತ್ತದೆ. “ಏನಪ್ಪಾ, ಇನ್ನೂ ಡಿಪ್ಲೊಮಾ ಮುಗೀಲಿಲ್ವಾ? ನಿನ್ ಜೊತೆ ಹುಡುಗ ಆಗ್ಲೇ ಬೆಂಗ್ಳೂರು ಸೇರ್ಕೊಂಡ್ನಲ್ಲ!” ಕೇಳುವವರು ಮಾವನೋ ದೊಡ್ಡಪ್ಪನೋ ಆಗಿರುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕೇಳಿಸಿಕೊಂಡ ಹುಡುಗನಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮೂರು ವರ್ಷದ ಡಿಪ್ಲೊಮಾಕ್ಕೆ ನಾಲ್ಕು ವರ್ಷ ತೆಗೆದುಕೊಂಡು, ಆಮೇಲೆ ಒಂದು ವರ್ಷ ದುಡಿದು, ಅದಾದ ಮೇಲೆ ಎಂಜಿನಿಯರಿಂಗ್ ಸೇರಿದವನು ನಾನು. ಆ ಪ್ರಶ್ನೆಗೆ ನನ್ನ ಬಳಿ ಬಹಳ ದಿನ ಉತ್ತರ ಇರಲಿಲ್ಲ. ಉತ್ತರಕ್ಕಿಂತ ಹೆಚ್ಚಾಗಿ ಇಲ್ಲದೇ ಇದ್ದದ್ದು ಮುಂದೇನು ಮಾಡಬೇಕೆಂದು ಹೇಳುವವರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲಿಗರು ಈಗಿನ ಹುಡುಗ ಹುಡುಗಿಯರೇ. ಅಂಥವರಿಗೆ ಪಾಲಿಟೆಕ್ನಿಕ್ಕೇ ವಿಶ್ವವಿದ್ಯಾಲಯಕ್ಕೆ ಹೋಗುವ ಸೇತುವೆ. ಅಮೆರಿಕದಲ್ಲಿ ಈ ಕೆಲಸವನ್ನು ಕಮ್ಯೂನಿಟಿ ಕಾಲೇಜುಗಳು ಮಾಡುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯವೊಂದರಲ್ಲೇ ಅಂಥ 116 ಕಾಲೇಜುಗಳಿವೆ. ಅಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ದುಡಿಯುತ್ತಾ ಓದುವ ಬಹಳ ಮಂದಿ ಆ ಎರಡು ವರ್ಷಕ್ಕೆ ಮೂರೋ ನಾಲ್ಕೋ ವರ್ಷ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಅದಕ್ಕೆ ಹತ್ತಿರದ ದಾರಿ ಎಂದರೆ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರುವುದು. ಈ ದಾರಿಯಲ್ಲಿ ನಿಗದಿಗಿಂತ ಹೆಚ್ಚು ವರ್ಷ ಹಿಡಿದವರಿಗೆ, ಇನ್ನೂ ಹಿಡಿಯುತ್ತಿರುವವರಿಗೆ ಈ ಬರಹ.

ಹಂತ 1: ಮೊದಲು ವರ್ಷಗಳ ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಇನ್ನೊಂದು ಸಾಲಿನಲ್ಲಿ ಡಿಪ್ಲೊಮಾ ಮೂರು ವರ್ಷ, ಲ್ಯಾಟರಲ್‌ನಲ್ಲಿ ಬಿ.ಇ. ಮೂರು ವರ್ಷ. ಅದೂ ಆರೇ. “ಡಿಪ್ಲೊಮಾ ಮಾಡಿದ್ರೆ ಒಂದು ವರ್ಷ ಲಾಸು” ಎಂದು ಊರಲ್ಲಿ ಹೇಳುತ್ತಾರಲ್ಲ, ಅದು ತಪ್ಪು ಲೆಕ್ಕ. ಎರಡು ವರ್ಷದ ಐಟಿಐ ಮಾಡಿಕೊಂಡು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿದವರಿಗೆ ಏಳು ವರ್ಷ ಬೇಕು. ಪಿಯುಸಿ ಸೈನ್ಸ್ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಬಂದವರಿಗೂ ಏಳೇ.

ಈಗ ನಿಮ್ಮದೇ ವರ್ಷಗಳನ್ನು ಬರೆಯಿರಿ. ಡಿಪ್ಲೊಮಾಕ್ಕೆ ನಾಲ್ಕು ವರ್ಷ ಆದರೆ ಒಟ್ಟು ಏಳು. ನಡುವೆ ಒಂದು ವರ್ಷ ದುಡಿದರೆ ಎಂಟು. ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ್ದರೆ ಇಪ್ಪತ್ತನಾಲ್ಕಕ್ಕೆ ಕೈಯಲ್ಲಿ ಬಿ.ಇ. ಇರುತ್ತದೆ. ಮನಸ್ಸಿನೊಳಗೆ ಇದು ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತದೆ, ಹಾಳೆಯ ಮೇಲೆ ಎರಡೇ ವರ್ಷ. ಆ ಹಾಳೆಯನ್ನು ಎಸೆಯಬೇಡಿ, ನಾಲ್ಕನೇ ಹಂತದಲ್ಲಿ ಮನೆಯವರಿಗೆ ತೋರಿಸಬೇಕು.

ಹಂತ 2: ಹೆಚ್ಚು ವರ್ಷ ಯಾಕೆ ಬೇಕಾಯಿತು ಎಂದು ನಿಮಗೆ ನೀವೇ ಸರಿಯಾಗಿ ಹೇಳಿಕೊಳ್ಳಿ

ಕಾರಣಗಳು ಬೇರೆ ಬೇರೆ ಇರುತ್ತವೆ, ಪರಿಹಾರಗಳೂ ಅಷ್ಟೇ. ಸಬ್ಜೆಕ್ಟ್ ಬಾಕಿ ಉಳಿದಿದ್ದರೆ ಪರೀಕ್ಷೆ ಬರೆಯಬೇಕು. ಫೀಸು ಕಟ್ಟಲು ಆಗದಿದ್ದರೆ ಒಂದು ವರ್ಷ ದುಡಿಯಬೇಕು, ಇಲ್ಲವೇ ಸಾಲದ ಯೋಜನೆ ಹುಡುಕಬೇಕು. ಡಿಸಿಇಟಿ ರ‍್ಯಾಂಕ್ ಸಾಲದೇ ಹೋಗಿದ್ದರೆ ಗಣಿತ ಓದಬೇಕು. ಮನೆಯಲ್ಲಿ ಕಾಯಿಲೆಯವರಿದ್ದರೆ ಮೊದಲು ಅವರನ್ನು ನೋಡಿಕೊಳ್ಳಲು ಏರ್ಪಾಡಾಗಬೇಕು.

ನಾನು ಮಾಡಿದ ತಪ್ಪು ಇಲ್ಲೇ. ನನಗಿದ್ದದ್ದು ಎರಡು ಸಬ್ಜೆಕ್ಟ್ ಬಾಕಿ, ಗಣಿತ ಒಂದು, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇನ್ನೊಂದು. ಊರವರಿಗೆ ಹೇಳಿದ್ದು ಮಾತ್ರ “ಮನೇಲಿ ದುಡ್ಡಿಗೆ ತೊಂದರೆ” ಅಂತ. ಹೇಳುತ್ತಾ ಹೇಳುತ್ತಾ ನಾನೂ ಅದನ್ನೇ ನಂಬಿದೆ. ಆರು ತಿಂಗಳು ಪುಸ್ತಕ ಮುಟ್ಟದೆ ಚಳ್ಳಕೆರೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದುಕೊಂಡಿದ್ದೆ. ದುಡ್ಡು ಸ್ವಲ್ಪ ಸೇರಿತು, ಸಬ್ಜೆಕ್ಟ್ ಹಾಗೇ ಉಳಿಯಿತು.

ಹಂತ 3: ಬಾಕಿ ಸಬ್ಜೆಕ್ಟ್‌ಗಳನ್ನು ಒಂದೊಂದಾಗಿ ಹರಡಿಕೊಂಡು ನೋಡಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಎಷ್ಟೋ ಹುಡುಗರು ಇಲ್ಲೇ ಸೋಲುವುದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಹೊರಗೆ ತೆಗೆಯಿರಿ. ನಮ್ಮನೆಯಲ್ಲಿ ಅವು ಅಮ್ಮನ ಟ್ರಂಕಿನಲ್ಲಿ ರೇಷನ್ ಕಾರ್ಡು, ಪಹಣಿ, ಅಜ್ಜಿಯ ಪಿಂಚಣಿ ಪುಸ್ತಕದ ಜೊತೆಗೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತಿದ್ದವು. ಎರಡನೇ ಸೆಮಿಸ್ಟರಿನ ಅಂಕಪಟ್ಟಿಯ ಮಡಿಕೆ ಗಣಿತದ ಸಾಲಿನ ಮೇಲೇ ಬಿದ್ದು, ಅಂಕ ಅರ್ಧ ಅಳಿಸಿತ್ತು. ಅದನ್ನು ಬಿಡಿಸಿ ನೋಡುವ ಧೈರ್ಯ ಬರಲು ನನಗೆ ಒಂದು ವರ್ಷ ಹಿಡಿಯಿತು.

ಪ್ರತಿ ಬಾಕಿ ಸಬ್ಜೆಕ್ಟಿಗೂ ನಾಲ್ಕು ವಿಷಯ ಬರೆದುಕೊಳ್ಳಿ: ಸಬ್ಜೆಕ್ಟಿನ ಕೋಡ್, ಯಾವ ಸ್ಕೀಮಿನದು, ಇಂಟರ್ನಲ್ ಅಂಕ ಎಷ್ಟು ಬಂದಿದೆ, ಥಿಯರಿಯಲ್ಲಿ ಎಷ್ಟಕ್ಕೆ ನಿಂತಿದೆ. ಕೋಡ್ ಯಾಕೆಂದರೆ ಪರೀಕ್ಷಾ ಫೀಸು ಕಟ್ಟುವಾಗ ಹೆಸರಿಗಿಂತ ಕೋಡೇ ಮುಖ್ಯ. ಒಂದೇ ಹೆಸರಿನ ಸಬ್ಜೆಕ್ಟ್ ಎರಡು ಸ್ಕೀಮಿನಲ್ಲಿ ಎರಡು ಕೋಡ್ ಹೊತ್ತಿರುತ್ತದೆ. ಸ್ಕೀಮ್ ಯಾಕೆಂದರೆ ಪಠ್ಯಕ್ರಮ ಬದಲಾಗುತ್ತಲೇ ಇರುತ್ತದೆ. ಡಿಪ್ಲೊಮಾದವರು ಸಿ-15, ಸಿ-20 ಎಂದು ಕರೆಯುತ್ತಾರಲ್ಲ, ಅದು ಇದೇ. ಹಳೆಯ ಸ್ಕೀಮಿನ ಪ್ರಶ್ನೆಪತ್ರಿಕೆಯನ್ನು ತಾಂತ್ರಿಕ ಪರೀಕ್ಷಾ ಮಂಡಳಿ ಎಂದೆಂದಿಗೂ ಕೊಡುತ್ತಾ ಕೂರುವುದಿಲ್ಲ. ನೀವು ತಡ ಮಾಡಿದಷ್ಟೂ ನಿಮ್ಮ ಸಬ್ಜೆಕ್ಟ್ ಹಳತಾಗುತ್ತದೆ, ಪಾಠ ಮಾಡುವವರು ಸಿಗುವುದಿಲ್ಲ, ಪುಸ್ತಕ ಸಿಗುವುದಿಲ್ಲ, ಜೊತೆಗೆ ಕೂತು ಓದುವ ಗೆಳೆಯರೂ ಸಿಗುವುದಿಲ್ಲ. ಹಾಗಾಗಿ ಒಂದು ವರ್ಷ ಹೆಚ್ಚು ತೆಗೆದುಕೊಳ್ಳುವುದೇ ಆದರೆ ಅದನ್ನು ಮೊದಲು ಹಳೆಯ ಸೆಮಿಸ್ಟರಿನ ಬಾಕಿಗೆ ಕೊಡಿ.

ಇನ್ನು ಇಂಟರ್ನಲ್. ಥಿಯರಿಯಲ್ಲಿ ಫೇಲಾದವರಿಗಿಂತ ಇಂಟರ್ನಲ್‌ನಲ್ಲೇ ಕಡಿಮೆ ಬಂದವರ ಕಷ್ಟ ದೊಡ್ಡದು. ಎಷ್ಟೇ ಚೆನ್ನಾಗಿ ಪರೀಕ್ಷೆ ಬರೆದರೂ ಆ ಕೊರತೆ ಹಿಂದೆಯೇ ಇರುತ್ತದೆ. ನಿಮ್ಮ ಸ್ಕೀಮಿನಲ್ಲಿ ಇಂಟರ್ನಲ್ ಸುಧಾರಿಸಿಕೊಳ್ಳಲು ಅವಕಾಶವಿದೆಯೇ, ಅದಕ್ಕೆ ಮತ್ತೆ ತರಗತಿಗೆ ಕೂರಬೇಕೇ ಎಂಬುದನ್ನು ಕಾಲೇಜಿನ ಪರೀಕ್ಷಾ ವಿಭಾಗದಲ್ಲೇ ಕೇಳಿ ತಿಳಿದುಕೊಳ್ಳಬೇಕು. ಸೀನಿಯರ್ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ, ಅವನ ಸ್ಕೀಮ್ ಬೇರೆ.

ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಕೇಳುವಾಗ “ಸರ್, ನನ್ನ ಎರಡು ಸಬ್ಜೆಕ್ಟ್ ಉಳಿದಿವೆ, ಈ ಕೋಡಿನವು, ಮುಂದಿನ ಪರೀಕ್ಷೆಗೆ ಫೀಸು ಯಾವಾಗಿಂದ ಕಟ್ಟಿಸ್ಕೊಳ್ತೀರಿ?” ಎಂದು ನೇರವಾಗಿ ಕೇಳಿ. ತಲೆ ತಗ್ಗಿಸಿಕೊಂಡು ಬಾಗಿಲಲ್ಲಿ ನಿಂತವನನ್ನು ಕಚೇರಿಯಲ್ಲಿ ಯಾರೂ ಗಮನಿಸುವುದಿಲ್ಲ. ಕೋಡ್ ಬರೆದ ಚೀಟಿ ಹಿಡಿದು ಬಂದವನಿಗೆ ಉತ್ತರ ಸಿಗುತ್ತದೆ. ನನ್ನ ಅನುಭವಕ್ಕೆ ಇದು ಎಷ್ಟೋ ಸಲ ಬಂದಿದೆ.

ಪರೀಕ್ಷಾ ಫೀಸಿನ ಕೊನೆಯ ದಿನವನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಲೇಜು ಬಿಟ್ಟು ಊರಿಗೆ ಬಂದವರಿಗೆ ಈ ಸುದ್ದಿಯೇ ತಲುಪುವುದಿಲ್ಲ. ಇನ್ನೂ ಕಾಲೇಜಿನಲ್ಲಿರುವ ಜೂನಿಯರ್ ಒಬ್ಬನಿಗೆ ಹೇಳಿಟ್ಟಿರಿ. ಒಂದು ಫೀಸಿನ ತಾರೀಖು ತಪ್ಪಿದರೆ ಆರು ತಿಂಗಳು ಹೋಯಿತು. ಆ ಆರು ತಿಂಗಳು ಡಿಸಿಇಟಿಯ ದಿನಕ್ಕೂ ಅಡ್ಡ ಬಂದರೆ ಪೂರ್ತಿ ಒಂದು ವರ್ಷವೇ ಹೋಯಿತು.

ಪಾಸಿಗೆ ಕೆಲವೇ ಅಂಕ ಕಡಿಮೆ ಬಂದಿದ್ದರೆ ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಿ. ಪ್ರತಿ ಬಂದ ಮೇಲೆ ಆ ಸಬ್ಜೆಕ್ಟ್ ಗೊತ್ತಿರುವ ಮೇಷ್ಟ್ರಿಗೆ ತೋರಿಸಿ, ಅವರು ಹೌದೆಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ. ಪಾಸಾಗದಿದ್ದರೂ ಆ ಜೆರಾಕ್ಸ್ ಪ್ರತಿ ದಂಡವಾಗುವುದಿಲ್ಲ. ನನ್ನ ಗಣಿತದ ಪತ್ರಿಕೆ ಕೈಗೆ ಬಂದಾಗಲೇ ನನಗೆ ಗೊತ್ತಾಗಿದ್ದು, ನನಗೆ ಇಂಟಿಗ್ರೇಷನ್ ಬರುತ್ತಿತ್ತು, ತಪ್ಪುತ್ತಿದ್ದದ್ದು ಹೈಸ್ಕೂಲಿನ ಬೀಜಗಣಿತದ ಚಿಹ್ನೆಗಳು. ಮೈನಸ್ ಹೊರಗಿದ್ದಾಗ ಆವರಣ ಬಿಡಿಸುವುದನ್ನು ಎಂಟನೇ ತರಗತಿಯ ಪುಸ್ತಕ ಹಿಡಿದು ಮತ್ತೆ ಕಲಿತೆ. ಅದಕ್ಕೆ ಹಿಡಿದದ್ದು ಹತ್ತು ದಿನ.

ಹಂತ 4: ಮನೆಯಲ್ಲಿ ಕೂತು ಮಾತಾಡಿ, ದುಡ್ಡಿನ ತಿಂಗಳು ನೋಡಿ

ಚಳ್ಳಕೆರೆಯನ್ನು ಎಣ್ಣೆನಗರಿ ಎನ್ನುತ್ತಾರೆ. ಆ ಎಣ್ಣೆ ಗಾಣಗಳಿಗೆಲ್ಲ ಶೇಂಗಾ ಬೆಳೆದುಕೊಡುವುದು ಮಳೆ ನಂಬಿದ ನಮ್ಮ ಹೊಲಗಳೇ. ಮುಂಗಾರಿನಲ್ಲಿ ಬೀಜ, ಗೊಬ್ಬರ, ಬೇಸಾಯಕ್ಕೆ ಕೈ ಬರಿದಾಗುತ್ತದೆ. ಮಳೆ ಕೈಹಿಡಿದರೆ ದುಡ್ಡು ಬರುವುದು ದೀಪಾವಳಿಯ ಆಸುಪಾಸು, ಕಾಯಿ ಬಿಡಿಸಿ ಎಪಿಎಂಸಿಗೆ ಹಾಕಿದ ಮೇಲೆ. ಎಂಜಿನಿಯರಿಂಗ್ ಸೀಟು ಹಂಚಿಕೆಯಾಗಿ ಫೀಸು ಕಟ್ಟು ಎನ್ನುವುದೋ ಶೇಂಗಾ ಇನ್ನೂ ಹೊಲದಲ್ಲಿರುವಾಗ. ಕೆಲವೇ ದಿನಗಳೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸೀಟು ಹೋಯಿತು. ನಮ್ಮ ಭಾಗದ ಎಷ್ಟೋ ಹುಡುಗರು ಸೀಟು ಸಿಕ್ಕೂ ಬಿಟ್ಟದ್ದಕ್ಕೆ ಬಡತನ ಎಷ್ಟು ಕಾರಣವೋ ಈ ತಿಂಗಳುಗಳ ಹೊಂದಾಣಿಕೆ ತಪ್ಪಿದ್ದೂ ಅಷ್ಟೇ ಕಾರಣ ಎಂದು ನಾನು ನಂಬುತ್ತೇನೆ.

ಮೊಳಕಾಲ್ಮುರು ಕಡೆಯ ಮಗ್ಗದ ಮನೆಗಳಲ್ಲಿ ಲೆಕ್ಕ ಇನ್ನೊಂದು ತರಹ. ರೇಷ್ಮೆ ಸೀರೆ ಮಗ್ಗದಿಂದ ಇಳಿದು ಮಾಲೀಕರ ಕೈ ಸೇರಿದ ಮೇಲೇ ಕೂಲಿ. ಮಗ ಕಾಲೇಜಿಗೆ ಹೋದರೆ ಹುರಿ ಮಾಡಲು, ಕಂಡಿಕೆ ಸುತ್ತಲು ಒಂದು ಕೈ ಕಡಿಮೆಯಾಗುತ್ತದೆ, ಸೀರೆ ಇಳಿಯುವ ದಿನವೂ ಮುಂದೆ ಹೋಗುತ್ತದೆ. ಅಪ್ಪ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಕೇಳಬೇಕು: “ಅಪ್ಪಾ, ನಾನು ಇನ್ನೊಂದು ವರ್ಷ ತಗೊಂಡ್ರೆ ಮನೆ ನಡೆಯುತ್ತಾ? ಹೇಗೆ ನಡೆಯುತ್ತೆ?”

ಒಂದನೇ ಹಂತದ ಹಾಳೆಯನ್ನು ಆಗ ತೆಗೆಯಿರಿ. ಯಾವ ತಿಂಗಳು ಯಾವ ಫೀಸು, ಯಾವ ತಿಂಗಳು ಮನೆಗೆ ಯಾವ ದುಡ್ಡು ಎಂದು ಎರಡು ಸಾಲು ಬರೆಯಿರಿ. ಹಿಂದಿನ ವರ್ಷದ ಶೇಂಗಾದ ದುಡ್ಡಿನಲ್ಲಿ ಮುಂದಿನ ವರ್ಷದ ಪ್ರವೇಶದ ಫೀಸನ್ನು ತೆಗೆದಿಟ್ಟುಬಿಡಬೇಕು, ಅಂಚೆ ಕಚೇರಿಯಲ್ಲೋ ಅಮ್ಮನ ಸಂಘದ ಖಾತೆಯಲ್ಲೋ. ಹೆಚ್ಚುವರಿ ವರ್ಷದಿಂದ ಆಗುವ ಒಂದು ನಿಜವಾದ ಲಾಭ ಇದು, ಈ ಹೊಂದಾಣಿಕೆಗೆ ಒಂದು ಸುಗ್ಗಿಯ ಕಾಲಾವಕಾಶ ಸಿಗುತ್ತದೆ.

ಸರ್ಕಾರದ ನೆರವಿನ ವಿಷಯದಲ್ಲಿ ಎರಡು ಮಾತು. ತರಗತಿಯಲ್ಲಿ ದಾಖಲಾಗಿ ಓದುತ್ತಿರುವವರಿಗೆ ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ ಉಂಟು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಉಂಟು. ಆದರೆ ಮನೆಯಲ್ಲಿದ್ದುಕೊಂಡು ಬಾಕಿ ಬರೆಯುವ ವರ್ಷಕ್ಕೆ ಇವುಗಳನ್ನು ನಂಬಿಕೊಳ್ಳಬೇಡಿ. ಬಿ.ಇ. ಫೀಸಿಗೆ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲಿ ಅರಿವು ಸಾಲ ಯೋಜನೆ ಇದೆ. ಲ್ಯಾಟರಲ್ ಎಂಟ್ರಿಯವರಿಗೆ ಆ ವರ್ಷ ಹೇಗೆ ಕೊಡುತ್ತಿದ್ದಾರೆಂದು ಚಿತ್ರದುರ್ಗದ ಜಿಲ್ಲಾ ಕಚೇರಿಯಲ್ಲಿ ಸೀಟು ಸಿಗುವುದಕ್ಕೆ ಮೊದಲೇ ವಿಚಾರಿಸಿ. ಸಿಕ್ಕ ಮೇಲೆ ಓಡಾಡಲು ದಿನ ಸಾಲುವುದಿಲ್ಲ.

ಹಂತ 5: ಆ ವರ್ಷ ಎಲ್ಲಿ ದುಡಿಯುವುದು

ಡಿಪ್ಲೊಮಾ ಪೂರ್ತಿ ಮುಗಿಸಿದ್ದರೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ಪಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡರೆ ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳು ಕರೆದಾಗ ಅರ್ಜಿ ಹಾಕಬಹುದು. ಸ್ಟೈಪೆಂಡ್ ಬರುತ್ತದೆ, ವರ್ಷದ ಕೊನೆಗೆ ಪ್ರಮಾಣಪತ್ರವೂ ಬರುತ್ತದೆ. ಮುಂದೆ ಯಾರಾದರೂ “ಈ ವರ್ಷ ಏನ್ ಮಾಡ್ತಿದ್ದೆ?” ಎಂದು ಕೇಳಿದರೆ ಆ ಕಾಗದವೇ ಉತ್ತರ.

ಬೇರೆ ಕಡೆ ಕೆಲಸ ಸಿಕ್ಕರೆ, ಅದು ಸೈಟ್ ಸೂಪರ್‌ವೈಸರ್ ಕೆಲಸವಾಗಲಿ, ಬಳ್ಳಾರಿ ರಸ್ತೆಯ ಸೋಲಾರ್ ಪ್ಲಾಂಟಿನದ್ದಾಗಲಿ, ಬಿಡುವ ದಿನ ಅನುಭವ ಪತ್ರ ತೆಗೆದುಕೊಳ್ಳದೆ ಬರಬೇಡಿ. ಸಂಬಳ ಕೈಗೆ ಕೊಡದೆ ಬ್ಯಾಂಕಿಗೆ ಹಾಕಿ ಎಂದು ಕೇಳಿಕೊಳ್ಳಿ. ದುಡಿಯುತ್ತಲೇ ಓದುವ ಸಂಜೆ ಬಿ.ಇ. ಕೋರ್ಸಿಗೂ ಡಿಸಿಇಟಿ ಮೂಲಕವೇ ಪ್ರವೇಶ. ಅಲ್ಲಿ ಕೆಲಸದ ಅನುಭವದ ದಾಖಲೆ ಕೇಳುತ್ತಾರೆ.

ಯುವನಿಧಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. 2022-23ನೇ ಸಾಲಿನಲ್ಲಿ ಪಾಸಾದವರಿಂದ ಶುರುವಾದ ಯೋಜನೆ ಇದು. ಮುಂದೆ ಓದಲು ಸೇರಿದವರಿಗೆ ಇದು ಇಲ್ಲ. ಬಿ.ಇ.ಗೆ ಸೇರಿದ ದಿನವೇ ಅದನ್ನು ಬಿಡಬೇಕು.

ದುಡಿಮೆ ನಡುವೆ ದಿನಕ್ಕೆ ಎರಡು ಗಂಟೆ ಓದಿಗೆ ಉಳಿಯುತ್ತದೋ ಇಲ್ಲವೋ ಎಂದು ಮೊದಲ ತಿಂಗಳಲ್ಲೇ ನೋಡಿಕೊಳ್ಳಿ. ಉಳಿಯದಿದ್ದರೆ ಸಂಬಳ ಕಡಿಮೆಯಾದರೂ ಊರಿಗೆ ಹತ್ತಿರದ ಕೆಲಸ ಹಿಡಿಯಿರಿ. ನನ್ನ ಜೊತೆಯವರಲ್ಲಿ ಓದು ಕೈಬಿಟ್ಟವರು ಬಹುಪಾಲು ದಡ್ಡರಲ್ಲ, ಹನ್ನೆರಡು ಗಂಟೆ ಶಿಫ್ಟಿನಲ್ಲಿ ನಿಂತವರು.

ಹಂತ 6: ಡಿಸಿಇಟಿಗೆ ಓದುವುದು

ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಡಿಪ್ಲೊಮಾದಲ್ಲಿ ಶೇ 45 ಅಂಕ ಬೇಕು, ರಾಜ್ಯದ ಮೀಸಲಾತಿ ವರ್ಗಗಳಿಗೆ ಶೇ 40. ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ಷರತ್ತೂ ಇದೆ. ಗಡಿಯಾಚೆ ರಾಯದುರ್ಗದ ಅಜ್ಜಿಮನೆಯಲ್ಲಿ ಕೆಲವು ವರ್ಷ ಶಾಲೆ ಕಲಿತವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರು ಒಂದನೇ ತರಗತಿಯಿಂದ ವರ್ಷಗಳನ್ನು ಎಣಿಸಿ ನೋಡಿಕೊಳ್ಳಿ.

ಹಿಂದಿನ ವರ್ಷ ಪಾಸಾದವರೂ ಬರೆಯಬಹುದು, ಕೊನೆಯ ಸೆಮಿಸ್ಟರಿನಲ್ಲಿ ಇರುವವರೂ ಬರೆಯಬಹುದು. ಒಂದು ಎಚ್ಚರ: ಪರೀಕ್ಷೆ ಬರೆಯಲು ಬಿಟ್ಟರು ಎಂದ ಮಾತ್ರಕ್ಕೆ ಸೀಟು ಕೊಡುತ್ತಾರೆಂದಲ್ಲ. ಪ್ರವೇಶದ ಹೊತ್ತಿಗೆ ಎಲ್ಲ ಸೆಮಿಸ್ಟರ್ ಪಾಸಾಗಿರಬೇಕು. ಒಂದೇ ಒಂದು ಸಬ್ಜೆಕ್ಟ್ ಬಾಕಿಯಿದ್ದು ಒಳ್ಳೆಯ ರ‍್ಯಾಂಕ್ ತೆಗೆದುಕೊಂಡವನ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಮೂರನೇ ಹಂತವನ್ನು ಅಷ್ಟು ಉದ್ದ ಬರೆದದ್ದು.

ಸಿ-20 ಪಠ್ಯಕ್ರಮದ ಮೇಲೆ ನಡೆದ ಡಿಸಿಇಟಿಯಲ್ಲಿ ಎಲ್ಲ ಬ್ರ್ಯಾಂಚಿನವರಿಗೂ ಒಂದೇ ಪ್ರಶ್ನೆಪತ್ರಿಕೆ, 100 ಅಂಕ. ಎಂಜಿನಿಯರಿಂಗ್ ಗಣಿತ, ಸ್ಟ್ಯಾಟಿಸ್ಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಮೂಲಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇದರಲ್ಲಿ ಬರುತ್ತವೆ. ಹೆಚ್ಚಿನವು ಮೊದಲ ವರ್ಷಗಳ ಪಾಠ. ನಾಲ್ಕೈದು ವರ್ಷದ ಹಿಂದೆ ಓದಿದ್ದು ನೆನಪಿರುವುದಿಲ್ಲ ಎಂದು ಹೆದರಬೇಡಿ. ಜೂನಿಯರ್‌ಗಳಿಂದ ಮೊದಲ ವರ್ಷದ ನೋಟ್ಸ್ ಇಸಿದುಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಗಳು ಕೆಇಎ ವೆಬ್‌ಸೈಟಿನಲ್ಲೇ ಸಿಗುತ್ತವೆ. ಕೋಚಿಂಗಿಗೆ ಬೆಂಗಳೂರು ಸೇರಿ ರೂಮು ಮಾಡುವಷ್ಟು ದೊಡ್ಡ ಪರೀಕ್ಷೆ ಇದಲ್ಲ, ಆ ದುಡ್ಡನ್ನು ಫೀಸಿಗೆ ಇಟ್ಟುಕೊಳ್ಳಿ. ಚಳ್ಳಕೆರೆಯ ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗೆ ಮೂರು ತಿಂಗಳು ಕೂತರೆ ಸಾಕು.

ಹಂತ 7: ಕಾಗದ ಪತ್ರ

ಹೆಚ್ಚು ವರ್ಷ ಹಿಡಿದವರಿಗೆ ಬರುವ ವಿಶೇಷ ತೊಂದರೆ ಏನೆಂದರೆ, ಪಾಲಿಟೆಕ್ನಿಕ್ ಸೇರುವಾಗ ಮಾಡಿಸಿದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಅಷ್ಟರಲ್ಲಿ ಮುಗಿದಿರಬಹುದು. ಅರ್ಜಿಯಲ್ಲಿ ಆ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದಾಗಲೇ ಅದು ಗೊತ್ತಾಗುವುದು. ಕೆಇಎ ಅರ್ಜಿ ಕರೆಯುವುದಕ್ಕೆ ಎರಡು ತಿಂಗಳು ಮೊದಲೇ ನಾಡಕಚೇರಿಗೆ ಹೋಗಿ ಹೊಸದಕ್ಕೆ ಅರ್ಜಿ ಕೊಡಿ.

ಮತ್ತೆ ಹೆಸರು. ನಮ್ಮ ಸೀಮೆಯಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹರಕೆಯಿಂದ ಪ್ರತಿ ಮನೆಯಲ್ಲೂ ಒಬ್ಬ ತಿಪ್ಪೇಸ್ವಾಮಿ ಇರುತ್ತಾನೆ. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರಿಗೆ ನಾಲ್ಕಾರು ಸ್ಪೆಲ್ಲಿಂಗು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಎಲ್ಲವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸರಿಹೊಂದಿಸಿ. ಆಧಾರ್ ತಿದ್ದುಪಡಿ ಬೇಗ ಆಗುತ್ತದೆ, ಅಂಕಪಟ್ಟಿ ತಿದ್ದುಪಡಿ ಆಗುವುದಿಲ್ಲವೆಂದೇ ತಿಳಿಯಿರಿ.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡದಲ್ಲೇ ಓದಿದವರು ಕನ್ನಡ ಮಾಧ್ಯಮದ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಶಾಲೆಯ ಮುಖ್ಯ ಶಿಕ್ಷಕರು ಬರೆದುಕೊಟ್ಟದ್ದಕ್ಕೆ ಬಿಇಒ ಮೇಲುರುಜು ಬೇಕು. ಪ್ರಾಥಮಿಕ ಶಾಲೆ ಒಂದು, ಹೈಸ್ಕೂಲು ಇನ್ನೊಂದಾದರೆ ಎರಡೂ ಕಡೆಯದು ಬೇಕು. ಬೇಸಿಗೆ ರಜೆ ಶುರುವಾದರೆ ಮೇಷ್ಟ್ರು ಸಿಗುವುದಿಲ್ಲ, ಫೆಬ್ರುವರಿಯಲ್ಲೇ ಮುಗಿಸಿ.

ಮೊಳಕಾಲ್ಮುರು ತಾಲ್ಲೂಕಿನ ಗಡಿ ದಾಟಿದರೆ ಬಳ್ಳಾರಿ ಜಿಲ್ಲೆ. ಅಲ್ಲಿನವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ಚಿತ್ರದುರ್ಗ ಜಿಲ್ಲೆಗೆ ಇಲ್ಲ. ಬಳ್ಳಾರಿಯಲ್ಲಿ ಮೂರು ವರ್ಷ ಡಿಪ್ಲೊಮಾ ಓದಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಯಾರೋ ಹೇಳಿದರೆಂದು ಆ ಕಾಲಂ ತುಂಬಿ ಪೇಚಿಗೆ ಸಿಕ್ಕಿಕೊಳ್ಳಬೇಡಿ.

ಓದು ನಿಂತ ವರ್ಷಕ್ಕೆ ಕೆಲವು ಕಾಲೇಜುಗಳು ಗ್ಯಾಪ್ ಅಫಿಡವಿಟ್ ಕೇಳುತ್ತವೆ. ನೋಟರಿ ಬಳಿ ಮಾಡಿಸಿದರಾಯಿತು. ಅದರಲ್ಲಿ ನಿಜವನ್ನೇ ಬರೆಸಿ: ಬಾಕಿ ಪರೀಕ್ಷೆ ಬರೆಯುತ್ತಿದ್ದೆ, ಅಥವಾ ಇಂಥಲ್ಲಿ ದುಡಿಯುತ್ತಿದ್ದೆ.

ಹಂತ 8: ಆಪ್ಷನ್ ಎಂಟ್ರಿ

ರ‍್ಯಾಂಕ್ ಬಂದ ಮೇಲೆ ಕಾಲೇಜು, ಬ್ರ್ಯಾಂಚ್ ಆಯ್ಕೆಗಳನ್ನು ಆನ್‌ಲೈನಿನಲ್ಲಿ ಕ್ರಮವಾಗಿ ತುಂಬಬೇಕು. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು “ನೀವೇ ಹಾಕಿಬಿಡಿ ಅಣ್ಣಾ” ಎನ್ನಬೇಡಿ. ಪಕ್ಕದಲ್ಲೇ ಕೂತು, ಮೊದಲೇ ಬರೆದುಕೊಂಡು ಹೋದ ಪಟ್ಟಿಯನ್ನು ಒಂದೊಂದಾಗಿ ಹಾಕಿಸಿ.

ಚಳ್ಳಕೆರೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ, ದಾವಣಗೆರೆಯಲ್ಲಿ ಬಿಐಇಟಿ ಮತ್ತು 1951ರಲ್ಲಿ ಶುರುವಾದ ಯುಬಿಡಿಟಿ ಇವೆ. ಮೊಳಕಾಲ್ಮುರಿನವರಿಗೆ ದಾವಣಗೆರೆಗಿಂತ ಬಳ್ಳಾರಿಯ ಕಾಲೇಜುಗಳು ಹತ್ತಿರ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹಾಗಾಗಿ ಮನೆಯಿಂದಲೇ ಓಡಾಡುವಷ್ಟು ದೂರದ ಕಾಲೇಜನ್ನು ಮೇಲೆ ಹಾಕಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಆದರೆ ಬೆಳಗಿನ ಮೊದಲ ತರಗತಿಗೆ ಮುಟ್ಟಿಸುವ ಬಸ್ಸು ಸರ್ಕಾರಿಯದೋ ಖಾಸಗಿಯದೋ ಎಂದು ಒಂದು ದಿನ ಹೋಗಿ ನೋಡಿಕೊಂಡು ಬನ್ನಿ.

ಸೀಟು ಹಂಚಿಕೆಯಾದ ಮೇಲೆ ಛಾಯ್ಸ್ ಕೇಳುತ್ತಾರೆ. ಒಂದನೆಯದು ಸೀಟು ಒಪ್ಪಿ ಸೇರುವುದು. ಎರಡನೆಯದು ಈ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯುವುದು. ಮೂರನೆಯದು ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಈಗಾಗಲೇ ಎರಡು ವರ್ಷ ಹೆಚ್ಚು ತೆಗೆದುಕೊಂಡವರು ಮೂರನೆಯದನ್ನು ಒತ್ತಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲೇ ಹಾಕಬೇಡಿ, ಹಾಕಿದ್ದು ಸಿಕ್ಕರೆ ಸೇರಿ.

ಹಂತ 9: ಸೇರಿದ ಮೊದಲ ಸೆಮಿಸ್ಟರ್

ಲ್ಯಾಟರಲ್‌ನವರು ನೇರ ಮೂರನೇ ಸೆಮಿಸ್ಟರಿಗೆ ಹೋಗಿ ಕೂರುತ್ತಾರೆ. ಅಲ್ಲಿದ್ದವರಿಗೆ ಆಗಲೇ ಒಂದು ವರ್ಷದ ಪರಿಚಯ, ನಿಮಗೆ ಹಿಂದಿನ ಬೆಂಚು. ವಿಟಿಯು ಕಾಲೇಜುಗಳಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಹೆಚ್ಚುವರಿ ಗಣಿತದ ಪಾಠ ಇರುವುದುಂಟು, ಹುಡುಗರು ಮ್ಯಾಟ್‌ಡಿಪ್ ಎನ್ನುತ್ತಾರೆ. ಅದಕ್ಕೆ ಕ್ರೆಡಿಟ್ ಇಲ್ಲವೆಂದು ಬಿಡುವವರಿದ್ದಾರೆ. ಅದು ಪಾಸಾಗದೆ ಡಿಗ್ರಿ ಕೈಗೆ ಬರುವುದಿಲ್ಲ. ಬಾಕಿ ಉಳಿಸಿಕೊಂಡರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಬೇಕಿಲ್ಲ, ಮೊದಲ ಸಲಕ್ಕೇ ಮುಗಿಸಿ.

ನಾನು ಸೇರಿದ ಎರಡನೇ ವಾರ ಸರ್ವೆ ಲ್ಯಾಬ್ ಇತ್ತು. ಹುಡುಗರೆಲ್ಲ ಥಿಯೋಡೊಲೈಟಿನ ಸುತ್ತ ನಿಂತು ಯಾವ ತಿರುಪು ತಿರುಗಿಸುವುದೆಂದು ನೋಡುತ್ತಿದ್ದರು. ನಾನು ಅದೇ ಉಪಕರಣವನ್ನು ಒಂದು ವರ್ಷ ಬಿಸಿಲಲ್ಲಿ ಹೊತ್ತುಕೊಂಡು ಸೈಟಿನಲ್ಲಿ ಓಡಾಡಿದವನು. ಮುಂದೆ ಹೋಗಿ ಮೂರು ಕಾಲು ಅಗಲಿಸಿ ನೆಲಕ್ಕೆ ಒತ್ತಿದೆ, ಗುಳ್ಳೆಯನ್ನು ನಡುವಿಗೆ ತಂದೆ, ಕೇಂದ್ರ ಹಿಡಿದೆ. ಮೇಷ್ಟ್ರು ಕೈಗಡಿಯಾರ ನೋಡಿಕೊಂಡು, “ಎಲ್ಲಿ ಕಲಿತೆಯಪ್ಪಾ?” ಎಂದರು. ಯಾವ ವರ್ಷ ಎಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲ ಸಲ ತಡವರಿಸದೆ ಹೇಳಿದೆ. ಅವತ್ತಿನಿಂದ ಆ ತಂಡದ ಫೀಲ್ಡ್ ಬುಕ್ ಬರೆಯುವ ಕೆಲಸ ನನ್ನದಾಯಿತು.